ಏಳು ದಿನದ ಶಿಬಿರಕ್ಕೆ ಹದಿನೈದು ದಿನದ ತಯಾರಿ

ನಮ್ಮ ಮನೆಯಲ್ಲಿ ದೇವರ ಕೆಲಸ ಅಂತ ಒಂದು ಶುರುವಾದರೆ ಅದು ಯಾವಾಗ ನಗೆಪಾಟಲಾಗುತ್ತದೋ ಅಂತ ನಾನು ಕಾಯುತ್ತಲೇ ಇರುತ್ತೇನೆ. ಬಹಳ ಹೊತ್ತು ಕಾಯಿಸಿದ್ದು ಇಲ್ಲಿಯವರೆಗೆ ಒಮ್ಮೆಯೂ ಇಲ್ಲ.

ಹೋದ ಬೇಸಿಗೆಯಲ್ಲಿ ನಮ್ಮ ಹತ್ತು ವರ್ಷದ ಮಗಳನ್ನು ತೇರದಾಳದ ಆಚೆ ಇರುವ ಒಂದು ಮಠದ ಮಕ್ಕಳ ಶಿಬಿರಕ್ಕೆ ಕಳಿಸುವುದು ಅಂತ ಆಯಿತು. ಏಳು ದಿನ ಅಲ್ಲೇ ಊಟ, ಅಲ್ಲೇ ನಿದ್ದೆ. ಬೆಳಿಗ್ಗೆ ಪೂಜೆ, ಆಮೇಲೆ ವಚನ, ಯೋಗ, ಸಂಜೆ ಪ್ರವಚನ. ನಿರ್ಧಾರ ನಮ್ಮ ಅತ್ತೆಯದು. ಆದರೆ ಹುಟ್ಟಿದಾಗಿನಿಂದ ಆ ಕೂಸು ಅತ್ತೆಯ ಸೆರಗು ಹಿಡಿದುಕೊಂಡೇ ಮಲಗಿದ್ದು. ಒಂದು ದಿನ ಬೇರೆ ಕಡೆ ಉಳಿದದ್ದಿಲ್ಲ. ಅಲ್ಲಿ ಅತ್ತರೆ ಏನು ಮಾಡುವುದು ಅಂತ ಮನೆಯವರಿಗೆಲ್ಲ ಒಳಗೊಳಗೇ ಪುಕುಪುಕು.

ಅರ್ಜಿ

ನಾವು ಬನಹಟ್ಟಿಯವರು. ಮನೆಯ ಹಿಂದೆಯೇ ನಮ್ಮ ಯಜಮಾನರ ನಾಲ್ಕು ಮಗ್ಗ, ಕರೆಂಟಿನವು. ಖಟಖಟ ಸಪ್ಪಳದ ಮೇಲೆ ಮಾತು ಕೇಳಬೇಕೆಂದರೆ ಒದರಲೇಬೇಕು. ಹಾಗಾಗಿ ನಮ್ಮ ಮಗಳು "ಅವ್ವಾ, ನೀರು ಕೊಡು" ಅಂದರೆ ಮೂರನೇ ಮನೆಯವರು ಚರಿಗೆ ತುಂಬುತ್ತಾರೆ.

ಅರ್ಜಿಯಲ್ಲಿ 'ಮಗುವನ್ನು ಶಿಬಿರಕ್ಕೆ ಕಳಿಸುವ ಉದ್ದೇಶ' ಅಂತ ಒಂದು ಸಾಲಿತ್ತು. "ಸಂಸ್ಕಾರ ಅಂತ ಬರೀರಿ" ಅಂದೆ ನಾನು. ಯಜಮಾನರು 'ಶಾಂತಿ' ಅಂತ ಬರೆದರು.

ಮಠದಲ್ಲಿ ಶಿಬಿರ ನೋಡಿಕೊಳ್ಳುವ ಮಾಸ್ತರರು ಅದನ್ನು ಓದಿ ತಲೆ ಎತ್ತಿದರು. "ಶಾಂತಿ ಅಂತ ಬರದೀರಿ. ಇಷ್ಟ ಸಣ್ಣ ಕೂಸಿಗಿ ಅಶಾಂತಿ ಏನೈತ್ರಿ?"

"ಆಕಿಗಿ ಏನೂ ಇಲ್ರಿ. ನಮಗ" ಅಂದರು ಯಜಮಾನರು.

ಅಷ್ಟರಲ್ಲಿ ಮಗಳು ಕೈ ಮುಗಿದು "ಶರಣ್ರೀ ಸರ್!" ಅಂದಳು. ಮಠದ ಮಾಳಿಗೆಯ ಮೇಲಿದ್ದ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದು ಹಾರಿದವು. ಮಾಸ್ತರರು ಅರ್ಜಿಗೆ ಸಿಕ್ಕಾ ಹೊಡೆದರು.

"ಎಷ್ಟ ದಿನದ್ದು ಅಂದ್ರಿ?" ಅಂತ ಯಜಮಾನರು ಕೇಳಿದರು.

"ಏಳ ದಿನದ್ರಿ."

"ತಿಂಗಳದ್ದ ಇಲ್ಲೇನ್ರಿ?"

ಕರಡಗಿ

ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ಮೊದಲನೆಯದೇ ಇಷ್ಟಲಿಂಗ. ಮಗಳದು ಕೊರಳಿಗೆ ಕಟ್ಟುವ ಬೆಳ್ಳಿಯ ಕರಡಗಿಯಲ್ಲಿತ್ತು. ಕೂಸು ಕಳೆದೀತು ಅಂತ ಅತ್ತೆ ಅದನ್ನು 'ಹುಷಾರಾಗಿ' ಎತ್ತಿಟ್ಟಿದ್ದರು. ನಮ್ಮ ಅತ್ತೆ ಹುಷಾರಾಗಿ ಇಟ್ಟ ಸಾಮಾನು ಕಳ್ಳರಿಗೂ ಸಿಗುವುದಿಲ್ಲ, ಅತ್ತೆಗೂ ಸಿಗುವುದಿಲ್ಲ.

ದೇವರ ಜಗಲಿ ಹುಡುಕಿದೆವು, ಟ್ರಂಕು ಹುಡುಕಿದೆವು, ಗಾದಿಯ ಹೊಲಿಗೆ ಬಿಚ್ಚಿ ನೋಡಿದೆವು. ಮೂರನೇ ದಿನ ಅತ್ತೆಗೆ ನೆನಪಾಯಿತು: "ಜ್ವಾಳದ ಡಬ್ಬ್ಯಾಗ!" ಆಳೆತ್ತರದ ಡಬ್ಬಿ. ಜೋಳವನ್ನೆಲ್ಲ ಪಡಸಾಲೆಗೆ ಸುರಿದೆವು. ಮೊದಲು ನನ್ನ ಒಂದು ಝುಮಕಿ ಸಿಕ್ಕಿತು. ಅದು ಕಳೆದಾಗ ಕೆಲಸದಾಕೆಯ ಮೇಲೆ ಸಂಶಯಪಟ್ಟು ನಾನು ಪಾಪ ಕಟ್ಟಿಕೊಂಡಿದ್ದೆ. ಆಮೇಲೆ ಒಂದು ಚಮಚ. ಕೊನೆಗೆ ತಳದಲ್ಲಿ ಕರಡಗಿ.

ಯಜಮಾನರು ಜೋಳದಲ್ಲಿ ಕೈಯಾಡಿಸುತ್ತ ಕೇಳಿದರು: "ಯವ್ವಾ, ನನ್ನ ಲಿಂಗಾನೂ ಇದರಾಗ ಐತೇನು?"

"ನಿಂದು ಬ್ಯಾರೆ ಕಡೆ ಇಟ್ಟೇನಿ."

"ಎಲ್ಲಿ?"

"ಲಗ್ನಾದಾಗಿಂದ ಪೂಜಿ ಬಿಟ್ಟಿ. ಕೇಳಿದ ದಿನಾ ಹೇಳೂನಂತ ಹನ್ನೆರಡ ವರ್ಷ ನೆಪ್ಪ ಇಟ್ಟಿದ್ದೆ. ಹೋದ ದೀಪಾವಳಿಗಿ ಮರ್ತೆ ನೋಡು."

ಐದು ಗಂಟೆ

ಶಿಬಿರದಲ್ಲಿ ಬೆಳಿಗ್ಗೆ ಐದಕ್ಕೆ ಏಳಬೇಕು. ನಮ್ಮ ಮಗಳಿಗೆ ಐದು ಗಂಟೆ ಅಂದರೆ ಸಂಜೆಯದು ಮಾತ್ರ ಗೊತ್ತು. ರೂಢಿ ಮಾಡಿಸುವ ಕೆಲಸ ಅತ್ತೆ ವಹಿಸಿಕೊಂಡರು.

ಮೊದಲ ದಿನವೇ ಅತ್ತೆ ನನ್ನನ್ನು ಸನ್ನೆ ಮಾಡಿ ಕರೆದರು. ಕೂಸು ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಜಗಲಿಯ ಮುಂದೆ ಪದ್ಮಾಸನ ಹಾಕಿ ಕಣ್ಣು ಮುಚ್ಚಿ ಕುಳಿತಿತ್ತು. "ನೋಡು, ಹೆಂಗ ಧ್ಯಾನಕ್ಕ ಕುಂತಾಳ. ನಮ್ಮ ರಕ್ತ ಅದು" ಅಂದರು ಅತ್ತೆ. ಕಣ್ಣಲ್ಲಿ ನೀರು ತಂದುಕೊಂಡರು.

ಅರ್ಧ ತಾಸಾದರೂ ಅಲುಗಾಡಲಿಲ್ಲ. ನನಗೆ ಹೆದರಿಕೆಯಾಗಿ ಭುಜ ಮುಟ್ಟಿದೆ. ಪದ್ಮಾಸನ ಬಿಚ್ಚದೆಯೇ ಗಡಿಗೆಯ ಹಾಗೆ ಮಗ್ಗುಲಿಗೆ ಉರುಳಿ ಗೊರಕೆ ಹೊಡೆಯತೊಡಗಿತು.

ಅತ್ತೆ ಸೋಲಲಿಲ್ಲ. "ಇರಲಿ ಬಿಡು. ಪ್ರವಚನಕ್ಕ ಬರೂ ಅರ್ಧ ಮಂದಿ ಹಿಂಗ ಕುಂದರ್ತಾರ. ಕೂಸು ತಯಾರಾತು."

ಮೌನ

ಶಿಬಿರದ ನಿಯಮಗಳಲ್ಲೆಲ್ಲ ಕಷ್ಟದ್ದು ಇದು: ದಿನಾ ಒಂದು ತಾಸು ಮೌನ. ಮಾತಾಡಬಾರದು, ಸನ್ನೆಯನ್ನೂ ಮಾಡಬಾರದು. ನಮ್ಮ ಮಗಳು ನಿದ್ದೆಯಲ್ಲೂ ಅಷ್ಟು ಹೊತ್ತು ಸುಮ್ಮನಿದ್ದವಳಲ್ಲ. ಹದಿಮೂರು ದಿನ ಪ್ರಯತ್ನಪಟ್ಟರೂ ಐದು ನಿಮಿಷ ದಾಟಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳು ನಿಂತವು. "ಈಗ ಕುಂದ್ರು, ಇದು ಕಡೀ ಸಲ" ಅಂತ ಅವಳನ್ನು ಹಿತ್ತಲ ಕಟ್ಟೆಯ ಮೇಲೆ ಕೂರಿಸಿ, ನಾನು ಒಳಗೆ ರೊಟ್ಟಿ ಬಡಿಯಲು ಹೋದೆ. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಸಪ್ಪಳವಿಲ್ಲ. ನನಗೆ ನಂಬಲಾಗಲಿಲ್ಲ. ಪೂರ್ತಿ ಒಂದು ತಾಸಾದ ಮೇಲೆ "ಅವ್ವಾ! ನಾ ಗೆದ್ದೆ!" ಅಂತ ಮಾಳಿಗೆ ಹಾರುವ ಹಾಗೆ ಒದರಿದಳು. ಖುಷಿಯಿಂದ ಹೊರಗೆ ಓಡಿದೆ.

"ಮತ್ತ ಅವ್ವಾ, ಬಾಜೂ ಮನಿ ಆಡು ನನ್ನ ಶಿಬಿರದ ಅಂಗಿ ತಿನ್ನಾಕತ್ತೈತಿ. ಆಗಿಂದ."

ಹಗ್ಗದ ಮೇಲೆ ಒಣಗಲು ಹಾಕಿದ್ದ ಹೊಸ ಬಿಳಿ ಅಂಗಿಯ ಒಂದು ತೋಳು ಮೊಣಕೈತನಕ ಆಡಿನ ಹೊಟ್ಟೆ ಸೇರಿತ್ತು. ನನಗೆ ಅಳು ಬಂತು. ಓಣಿಯ ದರ್ಜಿಯ ಕಾಲು ಹಿಡಿದು ಎರಡೂ ತೋಳನ್ನು ಅರ್ಧ ಮಾಡಿಸಿಕೊಂಡು ಬಂದೆ. ಬಂದು ಅವಳ ಮೇಲೆ ಹರಿಹಾಯ್ದೆ: "ಕಣ್ಣಮುಂದ ತಿನ್ನೂದು ನೋಡಕೋತ ಕುಂತಿದ್ದಿ? ಬಾಯಿ ಇರಲಿಲ್ಲೇನ ನಿನಗ?"

"ಮೌನ ಇತ್ತಲ್ಲ ಅವ್ವಾ. ಆಡು ಸೈತ ಒಂದ ಮಾತ ಆಡಲಿಲ್ಲ ನೋಡು."

ಔಷಧ

ಮನೆಯಿಂದ ತಿನಿಸು ತರಬಾರದು ಅಂತ ಕಟ್ಟಪ್ಪಣೆ. ಮಠದ ಬಾಗಿಲಲ್ಲಿ ಅದೇ ಮಾಸ್ತರರು ಒಂದೊಂದೇ ಚೀಲ ಬಿಚ್ಚಿ ನೋಡುತ್ತಿದ್ದರು. ನಮ್ಮ ಚೀಲದಲ್ಲಿ ಟವೆಲ್ಲಿನ ಒಳಗೆ, ಅದರೊಳಗಿನ ಲಂಗದ ಒಳಗೆ, ಒಂದು ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆಯುವ ಮೊದಲೇ ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಯ ವಾಸನೆ. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಮಠದ ಕಳಸ ನೋಡುತ್ತಿದ್ದರು.

"ಏನ್ರೀ ಇದು?" ಅಂದರು ಮಾಸ್ತರರು.

"ಔಷಧ್ರಿ" ಅಂದರು ಅತ್ತೆ.

"ಯಾವುದಕ್ಕ?"

"ಊಟ ಸೇರಲಿಲ್ಲಂದ್ರ."

ಮಾಸ್ತರರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಇನ್ನೊಂದು ಚಿಟಿಕೆ ಹಾಕಿಕೊಂಡರು. ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕಿ, ತಮ್ಮ ಮೇಜಿನ ಖಾನೆಯೊಳಗಿಟ್ಟು ಹೇಳಿದರು: "ಔಷಧ ಮಕ್ಕಳ ಕೈಯಾಗ ಕೊಡಬಾರದ್ರಿ."

ಬೀಳ್ಕೊಡುಗೆ

ಮಗಳು ಏಳು ದಿನ ಆರಾಮಾಗಿ ಇದ್ದು ಬಂದಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಮ್ಮೆಯೂ ಅಳಲಿಲ್ಲವಂತೆ. ಅತ್ತವರು ಬೇರೆ.

ಅವತ್ತು ಆಟೋದಲ್ಲಿ ದಾರಿಯುದ್ದಕ್ಕೂ ಯಜಮಾನರು ಅತ್ತೆಗೂ ನನಗೂ ಪಾಠ ಮಾಡಿದ್ದರು. "ಅಲ್ಲಿ ಯಾರೂ ಅಳಬಾರದು. ನೀವು ಅತ್ರ ಕೂಸು ಹೆದರತೈತಿ. ಗಟ್ಟಿ ಇರ್ರಿ."

ಚೀಲದ ತಪಾಸಣೆ ಮುಗಿದ ಮೇಲೆ ಮಕ್ಕಳನ್ನೆಲ್ಲ ಒಳಗೆ ಕರೆದುಕೊಂಡು ಹೋದರು. ತಂದೆತಾಯಿಗಳಿಗೆ ಹೋಗಿ ಬರುತ್ತೇವೆ ಅಂತ ಹೇಳಲು ಹೊರಗೆ ಕರೆತಂದಾಗ ಹುಡುಗಿಯರೆಲ್ಲ ಒಂದೇ ಅಚ್ಚು: ಬಿಳಿ ಅಂಗಿ, ಎಣ್ಣೆ ಹಚ್ಚಿ ಹಾಕಿದ ಎರಡು ಜಡೆ, ಹಣೆ ತುಂಬ ವಿಭೂತಿ.

ಅಷ್ಟು ನೋಡಿದ್ದೇ ನಮ್ಮ ಯಜಮಾನರ ಕಣ್ಣು ತುಂಬಿ ಬಂತು. ಚಾಳೀಸು ಒದ್ದೆಯಾಯಿತು. ತೆಗೆದು ಕಿಸೆಗೆ ಹಾಕಿಕೊಂಡರು. ಚಾಳೀಸು ಇಲ್ಲದಿದ್ದರೆ ಅವರಿಗೆ ಎಮ್ಮೆಗೂ ಆಟೋಕ್ಕೂ ಫರಕು ತಿಳಿಯುವುದಿಲ್ಲ. ಎದುರಿಗೆ ಬಂದ ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಅವಳ ಎರಡೂ ಕೈ ಹಿಡಿದುಕೊಂಡುಬಿಟ್ಟರು.

"ಯವ್ವಾ, ನೀ ಒದರೂದು ಕೇಳಲಿಲ್ಲಂದ್ರ ನನಗ ಮಗ್ಗ ಹಚ್ಚಾಕ ಮನಸ ಬರೂದಿಲ್ಲವಾ. ಒಂದ ತುತ್ತೂ ಇಳಿಯೂದಿಲ್ಲ. ಬ್ಯಾಡಾದ್ರ ಈಗ ಹೇಳು, ಎತಗೊಂಡ ಹೋಗಿಬಿಡ್ತೇನಿ" ಅಂತ ಬಿಕ್ಕಿ ಬಿಕ್ಕಿ ಅತ್ತರು.

ನಮ್ಮ ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಜೀವನದಲ್ಲಿ ಮೊದಲ ಸಲ ಪಿಸುಮಾತಿನಲ್ಲಿ ಕೇಳಿದಳು: "ಅವ್ವಾ, ಅಪ್ಪ ಯಾರ ಮುಂದ ಅಳಾಕತ್ತಾನ?"

"ತಡೀ, ಮುಗೀಲಿ" ಅಂದರು ಅತ್ತೆ, ಬಾಯಿಗೆ ಸೆರಗು ಒತ್ತಿಕೊಂಡು.

ಆ ಹುಡುಗಿ ಬಹಳ ಸಂಸ್ಕಾರದ್ದು. ಕೈ ಬಿಡಿಸಿಕೊಳ್ಳಲಿಲ್ಲ. ಎಲ್ಲ ಕೇಳಿಸಿಕೊಂಡು, ಒಂದು ಕೈಯಿಂದ ಅವರ ಭುಜ ತಟ್ಟುತ್ತ ಸಮಾಧಾನ ಮಾಡಿತು:

"ಅಳಬ್ಯಾಡ್ರಿ ಕಾಕಾ. ಏಳ ದಿನಾ ಅಷ್ಟ ಅಲ್ರಿ, ಬರ್ತೇನಂತ. ಆದ್ರ ನಿಮ್ಮ ಮನಿ ಎಲ್ಲೈತ್ರಿ?"