ಅಣಬೆಗಿಟ್ಟ ಕುಂಕುಮ

ಇದನ್ನು ಹೇಳಿಬಿಡಬೇಕೆಂದು ಹೊರಟು ಮುಂದೂಡಿದ್ದಕ್ಕೆ ಲೆಕ್ಕವಿಲ್ಲ. ಹಬ್ಬ ಮುಗಿಯಲಿ ಎಂದೆ, ಮಗಳ ಮದುವೆಯಾಗಲಿ ಎಂದೆ, ನಿವೃತ್ತಿಯಾಗಲಿ ಎಂದೆ. ನಿವೃತ್ತಿಯಾದ ಮೇಲೆ ಪುರುಸೊತ್ತಿಲ್ಲ ಎಂದೆ. ತಪ್ಪೊಪ್ಪಿಕೊಳ್ಳುವ ವಿಷಯದಲ್ಲಿ ನನ್ನಷ್ಟು ಬಿಡುವಿಲ್ಲದ ಮನುಷ್ಯ ಯಶವಂತಪುರದಲ್ಲಿ ಇನ್ನೊಬ್ಬನಿರಲಾರ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೆಬ್ಬಾಳದ ಕಡೆ ಅಣಬೆ ಸಂಶೋಧನೆ ನಡೆಸುವ ಒಂದು ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರಿಂದ ಅರ್ಧ ವಿಜ್ಞಾನಿ ನಾನೇ ಎಂದು ನನ್ನ ನಂಬಿಕೆ. ಉಳಿದರ್ಧ ನಮ್ಮ ಡಾಕ್ಟರು. ಫೋಟೊದಲ್ಲಿ ಅಣಬೆಯ ನಿಜವಾದ ಬಣ್ಣ ಬರುವುದಿಲ್ಲವೆಂದು ಅವರು ಆರ್.ಟಿ. ನಗರದಿಂದ ಚಿತ್ರ ಬರೆಯುವ ಮೇಡಂ ಒಬ್ಬರನ್ನು ಕರೆಸಿದರು. ಇಬ್ಬರೂ ಸೇರಿ ಒಂದು ಪ್ರದರ್ಶನ ಮಾಡುವುದೆಂದು ಮಾತಾಯಿತು. ಡಾಕ್ಟರು ಅಳತೆ ಹೇಳಿದರೆ ಮೇಡಂ, "ಈ ಅಂಚು ನೋಡಿ ಸಾರ್, ದುಪಟ್ಟಾ ಮಡಿಕೆ ಥರ ಇದೆ" ಎನ್ನುವರು. ಸ್ವಲ್ಪ ದಿನದಲ್ಲೇ ಡಾಕ್ಟರು ಮಡಿಕೆ ನೋಡತೊಡಗಿದರು, ಮೇಡಂ ಸ್ಕೇಲು ಹಿಡಿದರು. ಇಬ್ಬರಿಗೂ ಟೀ ತಂದುಕೊಡುತ್ತಿದ್ದ ನಾನು, ಕಲೆಯನ್ನೂ ವಿಜ್ಞಾನವನ್ನೂ ಬೆಸೆಯುತ್ತಿರುವವನು ನಾನೇ ಎಂದು ಬೀಗುತ್ತಿದ್ದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಸೂಕ್ಷ್ಮದರ್ಶಕ, ತಕ್ಕಡಿ, ಸ್ಟವ್ವು, ಎಲ್ಲಕ್ಕೂ ಕುಂಕುಮವಿಟ್ಟೆ. ನಮಗೆ ಅನ್ನ ಕೊಡುವ ಅಣಬೆಯನ್ನು ಬಿಡುವುದು ಹೇಗೆ? ಟ್ರೇಯಲ್ಲಿದ್ದ ಬಿಳಿ ಅಣಬೆಗಳಿಗೂ ಒಂದೊಂದು ಚಿಟಿಕೆ ಉದುರಿಸಿದೆ. ರಜೆ ಮುಗಿಯುವಷ್ಟರಲ್ಲಿ ಅದು ತೇವ ಕುಡಿದು ಹುಟ್ಟುಮಚ್ಚೆಯ ಹಾಗೆ ಹರಡಿತ್ತು. ಬೆಳಿಗ್ಗೆಯೇ ಬಂದ ಮೇಡಂ ಒಂದು ಅಣಬೆಯನ್ನು ಮಚ್ಚೆ ಸಮೇತ ಚಂದವಾಗಿ ಬರೆದರು. ಸೂಕ್ಷ್ಮದರ್ಶಕದ ಕುಂಕುಮ ಅವರಿಗೂ ಕಂಡಿತ್ತು. ಅಣಬೆಗೂ ಕುಂಕುಮವಿಡುವ ಮಹಾನುಭಾವನೊಬ್ಬ ಇರಬಹುದೆಂದು ಹೊಳೆಯಲಿಲ್ಲ. ಅವರು ಊಟಕ್ಕೆ ಹೋದಾಗ, ಡಾಕ್ಟರ ಬೈಗುಳಕ್ಕೆ ಹೆದರಿ, ಒದ್ದೆ ಹತ್ತಿಯಿಂದ ಅಣಬೆಗಳನ್ನೆಲ್ಲ ಒರೆಸಿಟ್ಟೆ.

ಮಧ್ಯಾಹ್ನ ಡಾಕ್ಟರು ಚಿತ್ರವನ್ನೂ ಟ್ರೇಯನ್ನೂ ನೋಡಿ, "ಏನಮ್ಮಾ, ಅಣಬೆಗೂ ಲಿಪ್‌ಸ್ಟಿಕ್ಕಾ? ಇದೇನು ಸಿನಿಮಾ ಪೋಸ್ಟರ್ ಅಂದ್ಕೊಂಡ್ರಾ?" ಎಂದರು.

"ಇತ್ತು ಸಾರ್. ಇಲ್ಲದ್ದನ್ನ ನಾನು ಬರೆಯಲ್ಲ. ರಾಮಣ್ಣ, ನೀವೂ ನೋಡಿದ್ರಲ್ಲ?"

"ನಾನ್ ನೋಡ್ಲಿಲ್ಲಮ್ಮ" ಎಂದೆ.

ಮೇಡಂ ಜಗಳವಾಡಲಿಲ್ಲ. ಹೊಸ ಹಾಳೆ ತೆಗೆದುಕೊಂಡು ಬಿಳಿ ಅಣಬೆ ಬರೆದರು. ಮುಂದಿನ ವಾರ ಕನ್ನಡಕ ಹಾಕಿಕೊಂಡು ಬಂದರು. "ನಂಬರ್ ಏನೂ ಇಲ್ಲ ಅಂದ್ರು ಕಣ್ಣಿನ ಡಾಕ್ಟ್ರು. ಆದ್ರೂ ಇರಲಿ ಅಂತ ನಾನೇ ಹಟ ಮಾಡಿ ಮಾಡಿಸ್ಕೊಂಡೆ" ಎಂದರು. ಕನ್ನಡಕ ಅವರಿಗೆ ಒಪ್ಪುತ್ತಿತ್ತು ಎಂಬುದೇ ನನಗಿದ್ದ ಸಮಾಧಾನ.

ಪ್ರದರ್ಶನವೇನೋ ಚೆನ್ನಾಗಿಯೇ ನಡೆಯಿತು. ಅಣಬೆ ಕಂಡರೆ ಮುಖ ಸಿಂಡರಿಸುತ್ತಿದ್ದ ನನ್ನ ಹೆಂಡತಿಯೂ ಆ ಚಿತ್ರಗಳ ಮುಂದೆ ನಿಂತುಬಿಟ್ಟಳು. ಡಾಕ್ಟರೂ ಮೇಡಮ್ಮೂ ಆಮೇಲೆಯೂ ಬಹಳ ದಿನ ಒಟ್ಟಿಗೆ ಕೆಲಸ ಮಾಡಿದರು. ಆದರೆ ಮೇಡಂ ಪ್ರತಿ ಅಣಬೆಯ ಮುಂದೆಯೂ ಬ್ರಷ್ ಎತ್ತುವ ಮೊದಲು ನನ್ನನ್ನು ಕರೆಯುತ್ತಿದ್ದರು: "ರಾಮಣ್ಣ, ನಿಮಗೆ ಇದು ಯಾವ ಬಣ್ಣ ಕಾಣ್ಸುತ್ತೆ?" ನಾನು ಗಂಭೀರವಾಗಿ ಬಗ್ಗಿ ನೋಡಿ ಹೇಳುತ್ತಿದ್ದೆ, ಅವರು ಹಾಗೆಯೇ ಬರೆಯುತ್ತಿದ್ದರು. ನನ್ನ ಮಾತನ್ನು ಅಷ್ಟು ನಂಬಿದವರು ನನ್ನ ಮನೆಯಲ್ಲೂ ಇಲ್ಲ. ಅದರ ರುಚಿ ಹತ್ತಿಯೇ ನಾನು ಬಾಯಿ ಬಿಡಲಿಲ್ಲವೇನೋ.

ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ, ಶಾಹೀನಾ ಮೇಡಂ.