ಭಾಗ್ಯಶ್ರೀ ಬರೆದ ಭ

ಇನ್ನು ಹದಿನೈದು ದಿನದೊಳಗೆ, ಹೆಸರನ್ನು ಎಲ್ಲೂ ಬರೆಯದೆ, ಯಾರ ಮುಂದೆಯೂ ಹೇಳದೆ, ಶಿಗ್ಗಾಂವಿಯಿಂದ ಹಾನಗಲ್ಲಿನವರೆಗೆ ಜನ ತನ್ನನ್ನು ಗುರುತು ಹಿಡಿಯುವಂತೆ ಮಾಡುತ್ತೇನೆಂದು ಹಿರೇಬೆಂಡಿಗೇರಿಯ ಭಾಗ್ಯಶ್ರೀ ಘೋಷಿಸಿದಳು. ಘೋಷಣೆ ನಡೆದದ್ದು ಹಿತ್ತಲಲ್ಲಿ, ಹಲ್ಲುಜ್ಜುವ ಹೊತ್ತಿನಲ್ಲಿ. ಹೀಗಾಗಿ ಅವಳ ಅವ್ವ ಶೇಖವ್ವನಿಗೆ ಅರ್ಧವೇ ತಿಳಿಯಿತು.

"ಹೆಸರ ಹೇಳದ ಹೆಂಗ ಗುರ್ತ ಹಿಡಿತಾರಬೇ? ಮೊದಲ ಬಾಯಿ ಮುಕ್ಕಳಸಿ ಮಾತಾಡ."

ಭಾಗ್ಯಶ್ರೀ ಹುಬ್ಬಳ್ಳಿಯಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿದ್ದಳು. ಕೊನೆಯ ವರ್ಷ. ಇಲ್ಲದ ಸೋಪು, ಮಾರದ ಬಿಸ್ಕತ್ತುಗಳಿಗೆಲ್ಲ ಲೋಗೊ ಬರೆಸಿ ಮುಗಿದ ಮೇಲೆ ರಾಜಶ್ರೀ ಮೇಡಂ ಹೇಳಿದ್ದರು, "ಈ ಸಲ ಬ್ರ್ಯಾಂಡು ನೀವೇ. ನಿಮ್ಮನ್ನು ಒಂದೇ ಗುರುತಿನಲ್ಲಿ ಹಿಡಿದಿಡಿ. ಅದನ್ನು ಹತ್ತು ದಿನ ಜನರ ನಡುವೆ ಬಿಡಿ. ಜನ ಏನಂದರು ಅಂತ ಬರೆದು ತನ್ನಿ." ನೂರು ಅಂಕದ ಪರೀಕ್ಷೆ. ಗೆಳತಿ ಸವಿತಾ ತನ್ನ ಹೆಸರನ್ನೇ ಬಳ್ಳಿಯಂಥ ಅಕ್ಷರದಲ್ಲಿ ಬರೆದು ಕೈತೊಳೆದುಕೊಂಡಳು. ಭಾಗ್ಯಶ್ರೀಗೆ ಅದು ಬಳೆ ಅಂಗಡಿಯ ಬೋರ್ಡಿನಂತೆ ಕಂಡಿತು. ದೊಡ್ಡ ಬ್ರ್ಯಾಂಡಿಗೆ ಹೆಸರು ಬೇಕಾಗುವುದಿಲ್ಲ, ಗುರುತೊಂದೇ ಸಾಕು ಎಂಬುದು ಅವಳ ಸಿದ್ಧಾಂತ.

ಐದು ದಿನ ಅವಳು "ಭ" ಅಕ್ಷರದ ಹಿಂದೆ ಬಿದ್ದಳು. ತಲೆಕಟ್ಟು ತೆಗೆದಳು. ಸೊಂಟ ಸಣ್ಣ ಮಾಡಿದಳು. ಮಹಾಪ್ರಾಣದ ಗೆರೆ ಕಿತ್ತಳು, ಅಲ್ಲಿಗೆ ಅಕ್ಷರದ ಪ್ರಾಣವೇ ಹೋಯಿತು. ಉಳಿದದ್ದು ಒಂದು ಕಪ್ಪು ಮೊಟ್ಟೆಯಾಕಾರ, ಅದರೊಳಗೆ ಎರಡು ಬಿಳಿ ಚುಕ್ಕೆ, ಮೇಲೆ ಆಚೀಚೆ ಬಾಗಿದ ಎರಡು ಗೆರೆ. ಮೊಟ್ಟೆಯಾಕಾರವೆಂದರೆ ಆತ್ಮ, ಚುಕ್ಕೆಗಳೆಂದರೆ ಜಗತ್ತನ್ನು ನೋಡುವ ಕಣ್ಣು, ಗೆರೆಗಳೆಂದರೆ ಕಲ್ಪನೆಯ ರೆಕ್ಕೆ ಎಂದು ನೋಟ್‌ಬುಕ್ಕಿನಲ್ಲಿ ವಿವರಣೆ ಬರೆದು, ಹಾಳೆಯನ್ನು ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಹಿಡಿದಳು.

"ಚಲೋ ಐತಿ," ಎಂದಳು ಶೇಖವ್ವ. "ಕೋಡ ಒಂಚೂರ ಗಿಡ್ಡ ಆಗ್ಯಾವ."

"ಅವು ಕೋಡಲ್ಲಬೇ, ರೆಕ್ಕಿ."

"ರೆಕ್ಕಿ ತಲಿ ಮ್ಯಾಲೆ ಇರತಾವೇನ?"

ದೊಡ್ಡ ಕಲಾವಿದರನ್ನೆಲ್ಲ ಮೊದಲು ತಪ್ಪು ತಿಳಿದವರು ಮನೆಯವರೇ ಎಂದು ಭಾಗ್ಯಶ್ರೀ ಎಲ್ಲೋ ಓದಿದ್ದಳು. ಅವ್ವನ ಮಾತಿನಿಂದ ಅವಳ ಧೈರ್ಯ ಇನ್ನಷ್ಟು ಹೆಚ್ಚಿತು.

ಶಿಗ್ಗಾಂವಿಯಲ್ಲಿ ಮುದ್ರಣದಂಗಡಿ ಇಟ್ಟ ನಿಯಾಜ ಅದನ್ನು ಐನೂರು ಸ್ಟಿಕ್ಕರ್ ಮಾಡಿಕೊಡಲು ಒಪ್ಪಿದ.

"ಕೆಳಗ ಹೆಸರ ಏನ ಹಾಕಲಿ ಅಕ್ಕಾ?"

"ಹೆಸರ ಬ್ಯಾಡ. ಬರೇ ಫೋನ್ ನಂಬರ್."

"ಊರ?"

"ಅದೂ ಬ್ಯಾಡ."

ನಿಯಾಜ ಪೆನ್ನು ಕಿವಿಗೆ ಸಿಕ್ಕಿಸಿಕೊಂಡ. "ನಾನು ಮದುವಿ ಕಾರ್ಡ ಹಾಕಾವ್ರಿ. ಹೆಸರ ಬಿಟ್ಟರ ಎರಡೂ ಕಡಿ ಬೀಗರು ಕೂಡಿ ಹೊಡಿತಾರ. ನಿಮ್ಮದ ಏನೋ ಬ್ಯಾರೇ ಇರಬೇಕು."

ಅಪ್ಪ ಕರಬಸಪ್ಪನಿಗೆ ಮಗಳ ಓದು ಏನೆಂದು ತಿಳಿಯದಿದ್ದರೂ ಅದರ ಮೇಲೆ ಅಪಾರ ಅಭಿಮಾನ. ಸವಣೂರಿನ ಸಂತೆಗೆ, ಹಾನಗಲ್ಲಿನ ಬೀಗರ ಮನೆಗೆ, ಬಂಕಾಪುರದ ಚಹಾದಂಗಡಿಗೆ, ಎಲ್ಲಿಗೆ ಹೋದರೂ ಕಿಸೆಯಿಂದ ಸ್ಟಿಕ್ಕರ್ ತೆಗೆದು, "ನನ್ನ ಮಗಳದ್ರೀ, ಹುಬ್ಬಳ್ಳ್ಯಾಗ ಓದತಾಳ," ಎಂದು ಹಂಚಿದ. ಇತ್ತ ಭಾಗ್ಯಶ್ರೀ ರಸ್ತೆಗೆ ಮುಖ ಮಾಡಿದ ಮನೆಯ ಗೋಡೆಗೆ ಸುಣ್ಣ ಬಳಿದು ಆಳೆತ್ತರದ ಗುರುತು ಬರೆದಳು.

ಎರಡನೇ ದಿನ ಮೊದಲ ಕರೆ ಬಂತು. ಸವಣೂರಿನಿಂದ.

"ನಿಮ್ಮ ಚಿತ್ರ ನೋಡಿ ಫೋನ್ ಮಾಡೇನ್ರಿ."

ಭಾಗ್ಯಶ್ರೀಯ ಎದೆ ಉಬ್ಬಿತು. "ಹೇಳ್ರಿ, ನೋಡಿದ ಕೂಡ್ಲೆ ನಿಮಗ ಏನ ಅನ್ನಿಸ್ತು?"

"ಅನ್ನಸೂದೇನ ಬಂತ್ರಿ, ನಮ್ಮ ಎಮ್ಮಿ ಮೂರ ದಿನದಿಂದ ಹಿಂಡಿ ಮುಟ್ಟವಲ್ದು. ಡಾಕ್ಟರ್‌ಗ ಫೋನ್ ಕೊಡ್ರಿ."

ರಾಂಗ್ ನಂಬರ್ ಎಂದುಕೊಂಡಳು. ಮಧ್ಯಾಹ್ನದೊಳಗೆ ಇನ್ನೂ ಆರು ಬಂದವು. ಹಿರೇಕೆರೂರಿನ ಒಬ್ಬಳು ಮುದುಕಿ ಕೆಚ್ಚಲು ಬಾವಿನ ಕಥೆಯನ್ನು ಮೊದಲಿನಿಂದ ಹೇಳಿದಳು. ಒಬ್ಬ ಎಮ್ಮೆಯನ್ನೇ ಫೋನಿನ ಹತ್ತಿರ ತಂದು ಕೆಮ್ಮು ಕೇಳಿಸಿದ. ಜನ ಹೇಳಿದ್ದನ್ನು ಪ್ರಾಮಾಣಿಕವಾಗಿ ಬರೆದಿಡಬೇಕೆಂಬ ನಿಯಮವಿತ್ತಲ್ಲ, ಭಾಗ್ಯಶ್ರೀ ಕಣ್ಣೊರೆಸಿಕೊಳ್ಳುತ್ತ ಎಲ್ಲವನ್ನೂ ಬರೆದಳು. ಗುರುತಿನ ಅರ್ಥ ಏನೆಂದು ಕೇಳಿದ ಒಬ್ಬರೂ ಇರಲಿಲ್ಲ. ಎಲ್ಲರಿಗೂ ತಿಳಿದೇ ಇತ್ತು.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ನಿಯಾಜನ ಅಂಗಡಿಯಿಂದ ಎಂಟಡಿಯ ಫ್ಲೆಕ್ಸ್ ಬಂತು. ಪರೀಕ್ಷಕರ ಎದುರು ತೂಗುಹಾಕಬೇಕಾದದ್ದು. ಅದನ್ನು ಕಟ್ಟೆಯ ಮೇಲಿಟ್ಟು ಭಾಗ್ಯಶ್ರೀ ಜಳಕಕ್ಕೆ ಹೋದಳು. ಹೊರಗೆ ಬರುವಷ್ಟರಲ್ಲಿ ಅಂಗಳದಲ್ಲಿ ಒಂದು ಟೆಂಪೊ ನಿಂತಿತ್ತು, ಟೆಂಪೊದಿಂದ ಇಳಿದ ಎಮ್ಮೆ ತುಳಸಿಕಟ್ಟೆಯ ಪಕ್ಕ ಮಲಗಿತ್ತು. ಎಮ್ಮೆಯ ಬೆನ್ನು ಸವರುತ್ತ ಬಂಕಾಪುರದ ಉಳಿವೆಪ್ಪ ಎಂಬ ಹಿರಿಯ ಕೂತಿದ್ದ.

"ನಸಿಕಿನಿಂದ ತಿಣಕಾಕತ್ತೈತ್ರಿ, ಕರ ಬರವಲ್ದು. ನಿಮ್ಮ ಗ್ವಾಡಿ ಚಿತ್ರ ಕೇಳ್ಕೋತ ಬಂದೆ."

"ಅಜ್ಜಾರ, ನಾನು ಡಾಕ್ಟರ್ ಅಲ್ರಿ. ಡಿಸೈನ್ ಓದಾಕತ್ತೇನಿ."

"ಯಾವದರ ಓದವ್ವ. ಮೊದಲ ಎಮ್ಮಿ ನೋಡು."

ಅವಳು ನೋಡಿದಳು. ಎಮ್ಮೆಯೂ ಅವಳನ್ನು ನೋಡಿತು. ಅದರ ಕಣ್ಣಿನಲ್ಲಿದ್ದ ಸಂಕಟ ಕಂಡು ಭಾಗ್ಯಶ್ರೀಗೆ ಬ್ರ್ಯಾಂಡು ಮರೆತೇಹೋಯಿತು. ಓಡಿ ದನದ ಡಾಕ್ಟರರಿಗೆ ಫೋನ್ ಹಚ್ಚಿದಳು. ಅವರು ಇನ್ನೊಂದು ಊರಿನಲ್ಲಿದ್ದರು, ಬರಲು ಒಂದು ತಾಸು ಬೇಕು.

"ಮುಂಗಾಲ ಎರಡೂ, ಮೂತಿ ಕಾಣಾಕತ್ತಾವೇನ?" ಎಂದು ಕೇಳಿದರು.

"ಕಾಣಾಕತ್ತಾವ್ರಿ."

"ಹಂಗಾದ್ರ ಹೆದರಬ್ಯಾಡ. ಅದು ತಿಣಕಿದಾಗಷ್ಟ ಮೆಲ್ಲಕ ಜಗ್ರಿ. ಫೋನ್ ಇಡಬ್ಯಾಡ."

ಶೇಖವ್ವ ಸೆರಗು ಬಿಗಿದು ಮುಂದೆ ಕೂತಳು. ಉಳಿವೆಪ್ಪ ಅವಳ ಪಕ್ಕ. ಭಾಗ್ಯಶ್ರೀ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಬಾಲ ಹಿಡಿದು ನಿಂತಳು. ಮೂರು ವರ್ಷದ ಓದಿನಲ್ಲಿ ಇಷ್ಟು ಏಕಾಗ್ರತೆ ಅವಳಿಗೆ ಎಂದೂ ಬಂದಿರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಕಪ್ಪಗೆ ಹೊಳೆಯುವ ಹೆಣ್ಣು ಕರು ಜಾರಿ ನೆಲಕ್ಕೆ ಬಿತ್ತು, ತಲೆ ಕೊಡವಿತು, ಸೀನಿತು. ಭಾಗ್ಯಶ್ರೀ ಅಳುತ್ತ ನಕ್ಕಳು. ಆಮೇಲೆ ಕರು ಬಿದ್ದದ್ದು ನೆಲದ ಮೇಲಲ್ಲ ಎಂಬುದು ಕಂಡಿತು.

"ಅಜ್ಜಾರ, ಇದನ್ನ ಯಾರು ಹಾಸಿದ್ರು?"

"ನಾನ ಹಾಸಿದೆ. ಕಟ್ಟಿ ಮ್ಯಾಲೆ ಸುರಳಿ ಸುತ್ತಿ ಇಟ್ಟಿತ್ತು. ದವಾಖಾನ್ಯಾಗ ಎಲ್ಲಾ ತಯಾರ ಇಟ್ಟಿರತೀರಿ ಬಿಡ್ರಿ, ಚಲೋ ವ್ಯವಸ್ಥೆ."

ಮರುದಿನ ಅವಳು ನಾಲ್ಕು ಬಾರಿ ತೊಳೆದ ಫ್ಲೆಕ್ಸ್ ಹಿಡಿದು ಪರೀಕ್ಷಕರ ಎದುರು ನಿಂತಳು. ಕೊಠಡಿಯ ಕಿಟಕಿಗಳನ್ನು ಒಂದೊಂದಾಗಿ ತೆರೆಯಲಾಯಿತು. ಆತ್ಮ, ಕಣ್ಣು, ರೆಕ್ಕೆಗಳ ವಿವರಣೆಯಿದ್ದ ಹಾಳೆಯನ್ನು ಅವಳು ಓದದೆ ತಿರುವಿಹಾಕಿದಳು. ಜನ ಹೇಳಿದ್ದನ್ನು ಓದಿದಳು, ಹಿಂಡಿ ಮುಟ್ಟದ್ದರಿಂದ ಹಿಡಿದು ಕರು ಸೀನಿದ್ದರವರೆಗೆ. ಪರೀಕ್ಷಕರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಕೇಳಿದರು. ವಾಸನೆಗೋ ನಗೆಗೋ ತಿಳಿಯಲಿಲ್ಲ.

ಕೊನೆಗೆ ರಾಜಶ್ರೀ ಮೇಡಂ ಹೇಳಿದರು, "ನಾಲ್ಕು ತಾಲ್ಲೂಕಿನ ಜನ ತಡವರಿಸದೆ ಒಂದೇ ಅರ್ಥ ಹೇಳಿದ್ದಾರೆ. ಇಂಥ ಗುರುತನ್ನು ನಾನೂ ಬರೆದಿಲ್ಲ. ಇದರ ಒಂದು ಗೆರೆಯನ್ನೂ ಬದಲಿಸಬೇಡ, ಭಾಗ್ಯಶ್ರೀ. ಬದಲಾಗಬೇಕಾದವಳು ನೀನು."

ಗುರುತಿಗೆ ಐವತ್ತಕ್ಕೆ ನಲವತ್ತೆಂಟು. ಅದು ವಿದ್ಯಾರ್ಥಿಯನ್ನು ಹೋಲುವುದಕ್ಕೆ ಐವತ್ತಕ್ಕೆ ಎರಡು.

ಸಂಜೆ ಮನೆಗೆ ಬಂದಾಗ ಗೋಡೆಯ ಗುರುತಿನ ಕೆಳಗೆ ಹೊಸ ಬರಹವಿತ್ತು. ಮಗಳ ಕಷ್ಟ ನೋಡಲಾರದೆ ಕರಬಸಪ್ಪ ಪೇಂಟರ್ ದಿಲಾವರನನ್ನು ಕರೆಸಿ ಕೆಂಪು ಅಕ್ಷರದಲ್ಲಿ ಬರೆಸಿದ್ದ: "ಇಲ್ಲಿ ಎಮ್ಮೆ ನೋಡುವುದಿಲ್ಲ."

"ಇನ್ನ ಯಾರೂ ಬರಂಗಿಲ್ಲವಾ, ಆರಾಮ ಇರು," ಎಂದ ಅಪ್ಪ.

ಅಷ್ಟರಲ್ಲಿ ಫೋನು ಬಂತು.

"ಅಕ್ಕಾರ, ನಾನು ಹೂವಪ್ಪ, ಯಲವಿಗಿಯಿಂದ ಬಂದೇನಿ. ನಿಮ್ಮ ಗ್ವಾಡಿ ಮುಂದನ ನಿಂತೇನ್ರಿ. ಎಮ್ಮಿ ನೋಡೂದಿಲ್ಲಂತ ಬರದೀರಿ. ಆಡ ನೋಡ್ತೀರಿಲ್ರಿ?"

ಭಾಗ್ಯಶ್ರೀ ಉತ್ತರ ಕೊಡಲು ಬಾಯಿ ತೆರೆದಳು. ಗ್ರಾಫಿಕ್ ಡಿಸೈನ್ ಎಂದರೆ ಏನೆಂದು ಮೊದಲಿನಿಂದ ಹೇಳಬೇಕಿತ್ತು. ಅದರ ಬದಲು ನೋಟ್‌ಬುಕ್ಕಿನ ಹೊಸ ಹಾಳೆ ತೆರೆದು ಕೇಳಿದಳು, "ಎಷ್ಟ ದಿನ ಆತ್ರಿ, ಮೇವ ಬಿಟ್ಟು?"