ಐದನೇ ನಂಬರಿನ ಬರಿಗಾಲು

ದಾಕ್ಷಾಯಿಣಿಯ ಕೈಲಿ ಆಗುವುದಿಲ್ಲ ಎಂದು ಕಲ್ಲೇಶಪ್ಪನವರು ಇದುವರೆಗೆ ಐದು ಬಾರಿ ಹೇಳಿದ್ದಾರೆ. ಮೊದಲ ಸಲ ಹೇಳಿದ್ದು, ಅವರ ಹಿಟ್ಟಿನ ಗಿರಣಿಯಲ್ಲಿ ಕಸ ಗುಡಿಸುತ್ತಿದ್ದ ಆಕೆ ಬೆಲ್ಲ ಕಟ್ಟಿ ಬಂದ ಪೇಪರು ಬಿಡಿಸಿಕೊಂಡು ಅಕ್ಷರ ಕೂಡಿಸಿ ಓದಲು ಹೊರಟಾಗ. ಎರಡನೆಯ ಸಲ, ಕೊಪ್ಪದ ಹತ್ತಿರದ ಬಾಳಗಡಿಯಲ್ಲಿ ಸ್ವಂತ ಗಿರಣಿ ಹಾಕುತ್ತೇನೆ ಎಂದಾಗ. ಮೂರನೆಯ ಸಲ, ಆ ಗಿರಣಿಗೆ ತ್ರೀಫೇಸ್ ಕರೆಂಟು ತರಿಸುತ್ತೇನೆ ಎಂದಾಗ. ಮೂರೂ ಆದವು. ಕಲ್ಲೇಶಪ್ಪನವರ ಗಿರಣಿ ಮುಚ್ಚಿತು. ಆದರೂ ಅವರು ಅಭಿಪ್ರಾಯ ಬದಲಿಸಲಿಲ್ಲ. ಅಷ್ಟರಲ್ಲಿ ಅವರು ಹಲವು ಸಮಿತಿಗಳ ಅಧ್ಯಕ್ಷರಾಗಿದ್ದರು. ಅಧ್ಯಕ್ಷರ ಅಭಿಪ್ರಾಯ ಬದಲಾಗಬೇಕಾದರೆ ಸಭೆ ಕರೆಯಬೇಕಾಗುತ್ತದೆ.

ನಾಲ್ಕನೆಯ ಸಲ ಹೇಳಿದ್ದು ಹೋದ ಡಿಸೆಂಬರಿನಲ್ಲಿ, ಈ ಕೆಳಗಿನ ಪ್ರಕಟಣೆ ಹೊರಬಿದ್ದ ದಿನ:

‘ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ಸಂಯುಕ್ತ ಓಟ ಉತ್ತೇಜನ ಸಮಿತಿಯು ಮಾರ್ಚ್ ಮೊದಲ ಭಾನುವಾರ ಹತ್ತು ಕಿಲೋಮೀಟರಿನ ಆರೋಗ್ಯ ಓಟ ಏರ್ಪಡಿಸಿದೆ. ವಯಸ್ಸಿನ ಮಿತಿ ಇಲ್ಲ. ಆರೋಗ್ಯ ಕಡ್ಡಾಯವಲ್ಲ. ಶೂ ಕಡ್ಡಾಯ. ಶೂಗಳನ್ನು ಸಮಿತಿಯೇ ಸೂಕ್ತ ಶುಲ್ಕ ಪಡೆದು ನೀಡುವುದು. ಎಲ್ಲ ಓಟಗಾರರೂ ಸಮಾನರಾದ್ದರಿಂದ ಎಲ್ಲ ಶೂಗಳೂ ಒಂದೇ ಅಳತೆಯವು.’

ಅಳತೆಯನ್ನು ವೈಜ್ಞಾನಿಕವಾಗಿಯೇ ನಿರ್ಧರಿಸಲಾಗಿತ್ತು. ತಾಲ್ಲೂಕಿಗೊಬ್ಬರಂತೆ ಮೂವರು ಸದಸ್ಯರ ಪಾದ ಅಳೆದು ಸರಾಸರಿ ತೆಗೆಯಬೇಕೆಂದು ನಿರ್ಣಯವಾಯಿತು. ಶೃಂಗೇರಿಯ ಸದಸ್ಯರದ್ದು ಹತ್ತು, ಕೊಪ್ಪದವರದ್ದು ಎಂಟು. ನರಸಿಂಹರಾಜಪುರದವರು ಸಭೆಗೆ ಬಾರದಿದ್ದುದರಿಂದ ಅವರ ಪಾದ ಒಂಬತ್ತು ಎಂದು ಒಮ್ಮತದಿಂದ ಅಂಗೀಕರಿಸಲಾಯಿತು. ಸಮಿತಿಯ ಅಧ್ಯಕ್ಷರಾದ ಕಲ್ಲೇಶಪ್ಪನವರ ಭಾವಮೈದುನರ ಗೋದಾಮಿನಲ್ಲಿ ಮೂರು ವರ್ಷದಿಂದ ಮುನ್ನೂರು ಜೊತೆ ಒಂಬತ್ತನೇ ನಂಬರಿನ ಶೂಗಳು ಕೂತಿದ್ದವೆಂಬುದು ಆಮೇಲೆ ತಿಳಿದ ಸಂಗತಿ. ಸಮಿತಿ ಈ ಯೋಗಾಯೋಗಕ್ಕೆ ಸಂತೋಷ ವ್ಯಕ್ತಪಡಿಸಿತು.

ದಾಕ್ಷಾಯಿಣಿಗೆ ನಲವತ್ತಾರು ವರ್ಷ. ಡಾಕ್ಟರು ಸಕ್ಕರೆ ಕಾಯಿಲೆ ಹತ್ತಿರ ಬಂದಿದೆ ಎಂದ ಮೇಲೆ ಬೆಳಿಗ್ಗೆ ಹವಾಯಿ ಚಪ್ಪಲಿಯಲ್ಲಿ ಕಾಲೇಜಿನ ಗೇಟಿನವರೆಗೆ ನಡೆಯುತ್ತಿದ್ದವಳು, ಒಂದು ದಿನ ಗಿರಣಿ ತೆರೆಯಲು ತಡವಾಯಿತೆಂದು ಓಡಿದಳು. ಓಡಿದ್ದು ಹಿತವಾಯಿತು. ಹಾಗೆ ಹೆಸರು ಕೊಡಲು ಹೋದಳು. ಸಮಿತಿಯ ಕಾರ್ಯದರ್ಶಿ ಗಣೇಶಮೂರ್ತಿಯವರು ಶುಲ್ಕ ಎಣಿಸಿಕೊಂಡು ಒಂದು ಜೊತೆ ಶೂ ಮುಂದಿಟ್ಟರು.

“ನನ್ನ ಕಾಲು ಐದನೇ ನಂಬರು ಮಾರಾಯ್ರೆ. ಉಳಿದ ನಾಲ್ಕು ನಂಬರು ಎಂತ ಮಾಡ್ಲಿ?”

“ಅದು ಬೆಳವಣಿಗೆಗೆ ಬಿಟ್ಟ ಜಾಗ.”

ಪಕ್ಕದಲ್ಲೇ ಕೂತಿದ್ದ ಕಲ್ಲೇಶಪ್ಪನವರು ಕನ್ನಡಕ ತೆಗೆದರು. “ನಿನ್ನ ಕೈಲಿ ಆಗ್ಲಿಕ್ಕಿಲ್ಲ ಮಾರಾಯ್ತಿ. ಇದು ಹಿಟ್ಟು ಬೀಸಿದ ಹಾಗಲ್ಲ. ಬೆಲ್ಟು ಸಿಕ್ಕಿಸಿ ಸ್ವಿಚ್ ಹಾಕಿದ್ರೆ ಕಾಲು ತಿರುಗ್ತದಾ?”

ದಾಕ್ಷಾಯಿಣಿ ಶೂಗಳನ್ನು ಎತ್ತಿಕೊಂಡಳು. ಲೆಕ್ಕ ಅವಳಿಗೆ ಗೊತ್ತಾಯಿತು. ಕಲ್ಲೇಶಪ್ಪನವರ ಮಾತು ಮೂರು ಸಲ ಸುಳ್ಳಾಗಿದೆ. ಈ ನಾಲ್ಕನೆಯದು ನಿಜವಾದರೆ ಊರು ಹಿಂದಿನ ಮೂರನ್ನೂ ಮರೆತು ಇದೊಂದನ್ನೇ ನೆನಪಿಟ್ಟುಕೊಳ್ಳುತ್ತದೆ.

ಶೂಗಳ ಮುಂಭಾಗಕ್ಕೆ ಹಳೆ ಸೀರೆ ತುರುಕಿ ಅವಳು ಓಡಲು ಹೊರಟಳು. ಗಿರಣಿಯ ಪಕ್ಕದ ಮನೆಯ ಸಣ್ಣಕ್ಕ, ಎಪ್ಪತ್ತರ ಮುದುಕಿ, ದಿನಾ ಗೇಟಿನಲ್ಲಿ ನಿಂತು ನೋಡುತ್ತಿದ್ದಳು.

“ಇವತ್ತು ನಿನ್ನ ಶೂ ನಮ್ಮ ಗೇಟು ದಾಟಿ ಎಷ್ಟೋ ಹೊತ್ತಾದ ಮೇಲೆ ನೀನು ಬಂದ್ಯಲ್ಲೇ! ಇಬ್ರೂ ಒಟ್ಟಿಗೆ ಹೊರಡ್ಲಿಲ್ವಾ?”

ಮೂರನೇ ವಾರ ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದುಹೋಯಿತು. ಅದರ ಹಿಂದೆಯೇ ಕಣಕಾಲಿನ ಎಲುಬಿನುದ್ದಕ್ಕೂ ಒಂದು ನೋವು ಶುರುವಾಯಿತು. ಓಡಲು ಹೊರಟಾಗ ಇರುತ್ತಿತ್ತು, ಮಧ್ಯೆ ಮರೆಯಾಗುತ್ತಿತ್ತು, ಬಂದು ಕೂತ ಮೇಲೆ ಮತ್ತೆ ಬಂದು ಪಕ್ಕದಲ್ಲೇ ಕೂರುತ್ತಿತ್ತು. ಕೊಪ್ಪದಲ್ಲಿ ಹೊಸದಾಗಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟ ಶರಣ್ಯಾ ಎಂಬ ಹುಡುಗಿ ಹೆಬ್ಬೆರಳಿನಿಂದ ಎಲುಬನ್ನು ಒತ್ತುತ್ತಾ ಬಂದಳು. ದಾಕ್ಷಾಯಿಣಿ ಎರಡು ಕಡೆ ಕೂಗಿದಳು.

“ಮೊದಲ ವಾರ ದಿನಕ್ಕೆ ಎಷ್ಟು ಓಡಿದ್ರಿ ಅಕ್ಕ?”

“ಎರಡು ಕಿಲೋಮೀಟರ್.”

“ಈಗ?”

“ಎಂಟು.”

“ಮಧ್ಯದ ಮೂರು, ನಾಲ್ಕು, ಐದೆಲ್ಲ ಎಲ್ಲಿಗೆ ಹೋದವು?”

“ಕಲ್ಲೇಶಪ್ಪ ನೋಡ್ತಾ ಇದ್ದ.”

ಶರಣ್ಯಾ ಚೀಟಿ ಬರೆದಳು. ಎರಡು ವಾರ ಓಟ ಬಂದ್, ದಿನಕ್ಕೆ ಮೂರು ಸಲ ಐಸು, ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವ ವ್ಯಾಯಾಮ, ಆಮೇಲೆ ಸ್ವಲ್ಪಸ್ವಲ್ಪವೇ ಓಟ, ಅದೂ ಸ್ವಂತ ಅಳತೆಯ ಶೂನಲ್ಲಿ. “ಇದೇ ಬುಟ್ಟಿ ಕಟ್ಕೊಂಡು ಓಡಿದ್ರೆ ಎಲುಬು ಬಿರುಕು ಬಿಡ್ತದೆ. ಓಟ ಬಿಡಿ, ಗಿರಣಿಯಲ್ಲಿ ನಿಲ್ಲಲಿಕ್ಕೂ ಆಗಲ್ಲ. ಶೂ ತಗೊಳ್ಳೋಕೆ ಸಾಯಂಕಾಲ ಹೋಗಿ, ಆಗ ಪಾದ ಸ್ವಲ್ಪ ಊದಿರ್ತದೆ. ಬೆರಳ ಮುಂದೆ ಒಂದು ಹೆಬ್ಬೆರಳಷ್ಟು ಜಾಗ ಇರ್ಬೇಕು, ಹಿಮ್ಮಡಿ ಜಾರಬಾರದು.”

ದಾಕ್ಷಾಯಿಣಿ ಶಿವಮೊಗ್ಗದ ಬಸ್ಸು ಹತ್ತಿದಳು. ಅಂಗಡಿಯಲ್ಲಿ ಏಳು ಜೊತೆ ತೊಟ್ಟು ಬಿಚ್ಚಿದಳು. ಎಂಟನೆಯದು ತೊಟ್ಟು ಒಳಗೇ ಮೂರು ಸುತ್ತು ಓಡಿದಳು. ಮೊದಲ ಸುತ್ತಿಗೆ ಅಂಗಡಿಯವರು ಬಾಗಿಲಿಗೆ ಅಡ್ಡ ನಿಂತರು; ಮೂರನೆಯ ಸುತ್ತಿಗೆ ಬಿಲ್ಲು ಬರೆದರು. ನೀಲಿ ಬಣ್ಣ, ಐದನೇ ನಂಬರು. ಪಾದಕ್ಕೆ ಹೇಳಿ ಮಾಡಿಸಿದಂತಿತ್ತು.

ಉಳಿದದ್ದು ಸಮಿತಿಯ ಅನುಮತಿ ಮಾತ್ರ. ಕಚೇರಿ ಇದ್ದದ್ದು ಕಲ್ಲೇಶಪ್ಪನವರ ಜವಳಿ ಅಂಗಡಿಯ ಮೇಲೆ, ಹನ್ನೊಂದು ಮೆಟ್ಟಿಲು ಹತ್ತಿ. ಕೆಂಪು ಗಾರೆಯ ನೆಲ, ಗೋಡೆಯ ಮೇಲೆ ನಾಲ್ಕು ದೇವರ ಪಟ. ಆದ್ದರಿಂದ ಮೆಟ್ಟಿಲ ಕೆಳಗೆ ‘ಪಾದರಕ್ಷೆಗಳನ್ನು ಇಲ್ಲೇ ಬಿಡಿ’ ಎಂಬ ಬೋರ್ಡು. ಇದರಲ್ಲಿ ಯಾರಿಗೂ ವಿಶೇಷ ಕಂಡಿರಲಿಲ್ಲ. ದಾಕ್ಷಾಯಿಣಿಯೂ ಹೊಸ ಶೂ ಬಿಚ್ಚಿ, ಮೂಲೆಯಲ್ಲಿ ಜೋಡಿಸಿಟ್ಟು, ಮೇಲೆ ಹೋದಳು.

ಗಣೇಶಮೂರ್ತಿಯವರು ಫೈಲು ತೆರೆದರು. “ಸ್ವಂತ ಶೂ ಯಾಕೆ?”

“ಸಮಿತಿ ಶೂನಿಂದ ಕಾಲು ನೋವು.”

“ಎಲ್ಲಿ?”

ತೋರಿಸಿದಳು. ಅವರು ಬಗ್ಗಿ ನೋಡಿ ನಿಟ್ಟುಸಿರಿಟ್ಟರು. “ಮೊಣಕಾಲಿನ ನೋವು ಕೊಪ್ಪದ ಸದಸ್ಯರ ವಿಭಾಗಕ್ಕೆ ಬರ್ತದೆ. ಪಾದದ್ದು ಶೃಂಗೇರಿಗೆ. ನೀವು ತೋರಿಸ್ತಿರೋದು ಮಧ್ಯ.”

“ಮಧ್ಯದ್ದು ನರಸಿಂಹರಾಜಪುರಕ್ಕಾ?”

“ಅವರು ಸೊಂಟ ತಗೊಂಡಿದ್ದಾರೆ. ಒಂದು ಕೆಲಸ ಮಾಡಿ. ನೋವನ್ನ ಒಂದು ಗೇಣು ಮೇಲೆ ತಗೊಳ್ಳಲಿಕ್ಕೆ ಆಗ್ತದಾ ನೋಡಿ. ನಾನೇ ಸಹಿ ಮಾಡಿಸಿ ಕೊಡ್ತೇನೆ.”

“ಆಗಲ್ಲ.”

“ಹಾಗಾದ್ರೆ ಕಾರಣದ ಕಾಲಂ ಖಾಲಿ ಬಿಡುವ. ಇನ್ನು ಹದಿನಾಲ್ಕನೇ ನಿಯಮ.” ಅವರು ಎದ್ದು ನಿಂತು ಓದಿದರು: “‘ಸ್ವಂತ ಶೂಗಳನ್ನು ಅರ್ಜಿದಾರರು ತೊಟ್ಟ ಸ್ಥಿತಿಯಲ್ಲಿ, ಕಚೇರಿಯ ಒಳಗೆ, ಕಾರ್ಯದರ್ಶಿಯವರು ಖುದ್ದು ಪರಿಶೀಲಿಸತಕ್ಕದ್ದು.’ ಎಲ್ಲಿ ಶೂ?”

“ಕೆಳಗೆ ಬಿಟ್ಟಿದೀನಿ. ಹಾಕ್ಕೊಂಡು ಬರ್ಲಾ?”

“ಛೇ, ಛೇ! ಮೇಲೆ ದೇವರ ಪಟ ಉಂಟು.”

“ಹಾಗಾದ್ರೆ ನೀವೇ ಕೆಳಗೆ ಬಂದು ನೋಡಿ.”

“ಕೆಳಗೆ ಬಂದ್ರೆ ಅದು ಸ್ಥಳ ಪರಿಶೀಲನೆ. ಅದಕ್ಕೆ ಜೀಪು ಮಂಜೂರಾಗ್ಬೇಕು.”

“ಹನ್ನೊಂದು ಮೆಟ್ಟಿಲಿಗೆ ಜೀಪಾ?”

“ದೂರದ ಪ್ರಶ್ನೆ ಅಲ್ಲಮ್ಮ, ಪದ್ಧತಿಯ ಪ್ರಶ್ನೆ.”

ಗಣೇಶಮೂರ್ತಿಯವರು ಕರ್ತವ್ಯ ತಪ್ಪಿಸುವವರಲ್ಲ. ಆಕೆಯನ್ನು ಕೋಣೆಯಲ್ಲಿ ನಾಲ್ಕು ಸುತ್ತು ನಡೆಸಿದರು. ಮೊಣಕಾಲೂರಿ ಎರಡೂ ಪಾದಗಳನ್ನು ಹತ್ತಿರದಿಂದ ನೋಡಿದರು. ಬಳಿಕ ಬರೆದರು: ‘ಅರ್ಜಿದಾರರ ಪಾದಗಳನ್ನು ಖುದ್ದು ಪರಿಶೀಲಿಸಲಾಗಿದೆ. ಶೂ ಕಂಡುಬಂದಿರುವುದಿಲ್ಲ. ಬರಿಗಾಲು ಎಂದು ಪ್ರಮಾಣೀಕರಿಸಿದೆ.’ ಸಹಿ ಹಾಕಿ, ಸೀಲು ಒತ್ತಿದರು. ಅರ್ಜಿ ವಜಾ ಆಯಿತು.

ಒಳಕೋಣೆಯಿಂದ ಬಂದ ಕಲ್ಲೇಶಪ್ಪನವರು ಕಾಗದ ಓದಿ ಖುಷಿಪಟ್ಟರು. “ನಾ ಹೇಳ್ಲಿಲ್ವಾ? ಸಮಿತಿ ಶೂ ಹಾಕ್ಕೊಂಡು ಓಡು. ಇಲ್ಲಾಂದ್ರೆ ಬೀಸೋ ಕಲ್ಲಿನ ಹತ್ರ ಕೂತ್ಕೋ.”

ದಾಕ್ಷಾಯಿಣಿ ಕಾಗದದ ಒಂದು ನಕಲನ್ನೂ ನಿಯಮಗಳ ಪುಸ್ತಕವನ್ನೂ ಕೇಳಿ ಪಡೆದಳು. ಪುಸ್ತಕ ಕೇಳಿದವರು ಆವರೆಗೆ ಯಾರೂ ಇರಲಿಲ್ಲವಾದ್ದರಿಂದ ಅದನ್ನು ಹುಡುಕಲು ಅರ್ಧ ಗಂಟೆ ಬೇಕಾಯಿತು.

ಎರಡು ವಾರ ಅವಳು ಓಡಲಿಲ್ಲ. ಗಿರಣಿಯಲ್ಲಿ ಕಾಲಿಗೆ ಐಸು ಕಟ್ಟಿಕೊಂಡು ಕೂತು, ಒಬ್ಬರ ಅಕ್ಕಿಗೂ ಇನ್ನೊಬ್ಬರ ರಾಗಿಗೂ ನಡುವೆ, ಬೆಲ್ಲದ ಪೇಪರು ಓದಿದ ಹಾಗೆಯೇ ಆ ಪುಸ್ತಕವನ್ನು ಒಂದಕ್ಷರ ಬಿಡದೆ ಓದಿದಳು. ಇಪ್ಪತ್ತೇಳನೇ ನಿಯಮಕ್ಕೆ ಬಂದಾಗ ಎದ್ದು ಮೆಷಿನ್ನು ನಿಲ್ಲಿಸಿದಳು. ‘ದೇವರಿಗೆ ಹರಕೆ ಹೊತ್ತು ಬರಿಗಾಲಿನಲ್ಲಿ ಓಡುವವರಿಗೆ ಶೂ ನಿಯಮಗಳು ಅನ್ವಯಿಸುವುದಿಲ್ಲ. ಬರಿಗಾಲು ಹೌದೋ ಅಲ್ಲವೋ ಎಂಬುದಕ್ಕೆ ಕಾರ್ಯದರ್ಶಿಯವರ ಪ್ರಮಾಣಪತ್ರವೇ ಅಂತಿಮ. ಅದನ್ನು ಯಾರೂ ಪ್ರಶ್ನಿಸತಕ್ಕದ್ದಲ್ಲ.’

ಮಾರನೆಯ ದಿನ ಹರಕೆಯ ನಮೂನೆ ತುಂಬಿ ಕಳಿಸಿದಳು. ‘ಹರಕೆಯ ವಿವರ’ ಎಂಬಲ್ಲಿ ‘ಕಲ್ಲೇಶಪ್ಪನವರ ಮಾತು ಸುಳ್ಳಾಗಲಿ’ ಎಂದು ಬರೆದಳು. ಸುಳ್ಳು ಬರೆಯುವುದು ಅವಳಿಗೆ ಆಗಿಬರುವುದಿಲ್ಲ. ನಮೂನೆಯನ್ನು ಯಾರೂ ಓದದೆ ಅಂಗೀಕರಿಸಿದರು.

ಮಾರ್ಚ್ ಮೊದಲ ಭಾನುವಾರ ಬೆಳಿಗ್ಗೆ ಬಾಳಗಡಿಯಲ್ಲಿ ಹತ್ತಿರ ಹತ್ತಿರ ಮುನ್ನೂರು ಜನ ಒಂಬತ್ತನೇ ನಂಬರಿನಲ್ಲಿ ನಿಂತಿದ್ದರು. ಕಮ್ಮರಡಿ ರಸ್ತೆಯಲ್ಲಿ ಐದು ಕಿಲೋಮೀಟರ್ ಹೋಗಿ ಅಷ್ಟೇ ದೂರ ವಾಪಸು ಬರಬೇಕು. ದಾರಿಯಲ್ಲಿ ಕಳಚಿ ಬೀಳುವ ಶೂಗಳನ್ನು ಆರಿಸಲು ಗೋಣಿಚೀಲ ಸಮೇತ ಒಂದು ಟೆಂಪೊ ನೇಮಿಸಲಾಗಿತ್ತು, ಅದೂ ಭಾವಮೈದುನರದ್ದೇ. ದಾಕ್ಷಾಯಿಣಿ ನೀಲಿ ಶೂ ತೊಟ್ಟು, ಪ್ರಮಾಣಪತ್ರ ಹಿಡಿದು ಗೆರೆಯ ಹತ್ತಿರ ಬಂದಳು. ಗಣೇಶಮೂರ್ತಿಯವರು ಕೆಳಗೆ ನೋಡಿದರು. ಕಾಗದ ನೋಡಿದರು. ಮತ್ತೆ ಕೆಳಗೆ ನೋಡಿದರು.

“ಅಮ್ಮಾ, ಕಾಲಲ್ಲಿ…”

“ಎಂತ ಕಾಣ್ತದೆ?”

ಅವರು ಕಾಗದವನ್ನು ಕಣ್ಣಿನ ಹತ್ತಿರ ತಂದರು. “ಕಾಗದದಲ್ಲಿ ನನ್ನ ಸಹಿ ಕಾಣ್ತದೆ.”

“ಕಾಲಲ್ಲಿ?”

“ಸಹಿ ಇರೋವಾಗ ಕಾಲು ನೋಡೋ ಪದ್ಧತಿ ಇಲ್ಲ. ಹೋಗಿ, ಮುಂದಿನ ಸಾಲು. ಹರಕೆಯವರಿಗೆ ಮೊದಲ ಆದ್ಯತೆ.”

ಓಟ ಶುರುವಾಯಿತು. “ಡಾಂಬರು ಸುಡುತ್ತಿದ್ದರೂ ಲೆಕ್ಕಿಸದೆ, ಕಲ್ಲುಮುಳ್ಳು ಎನ್ನದೆ ಬರಿಗಾಲಿನಲ್ಲಿ ಓಡುತ್ತಿರುವ ಬಾಳಗಡಿಯ ದಾಕ್ಷಾಯಿಣಿ!” ಎಂದು ಜೀಪಿನ ಮೈಕು ಕೂಗಿತು. (ಮೆಟ್ಟಿಲಿಗೆ ಸಿಗದ ಜೀಪು ಮೈಕಿಗೆ ಸಿಕ್ಕಿತ್ತು.) ರಸ್ತೆಬದಿಯ ಜನ ಕೈಮುಗಿದರು. ಸಣ್ಣಕ್ಕ ಅರಿಸಿನ ಕದಡಿದ ನೀರಿನ ಚೊಂಬು ಹಿಡಿದು ಗೇಟಿನಿಂದ ಓಡಿಬಂದು, ದಾಕ್ಷಾಯಿಣಿಯ ಶೂಗಳ ಮೇಲೆ ಸುರಿದು, ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ಪಾಪ, ತಂಪಿಗೆ ಪಾದ ನೀಲಿ ತಿರುಗಿದೆಯಲ್ಲೇ! ನಿಲ್ಲು, ನಿಲ್ಲು. ಎಡಗಾಲಿನ ನರ ಬಿಚ್ಚಿದೆ. ಗಂಟು ಹಾಕ್ಕೊಂಡು ಹೋಗು.”

ದಾಕ್ಷಾಯಿಣಿ ಬಗ್ಗಿ ನರ ಕಟ್ಟಿಕೊಂಡು ಓಡಿದಳು.

ಎಂಟನೆಯ ಕಿಲೋಮೀಟರಿನಲ್ಲಿ ಹಳೆ ನೋವು ಕಣಕಾಲನ್ನು ಮೆಲ್ಲಗೆ ತಟ್ಟಿತು. ಅಕ್ಕಪಕ್ಕ ಶೂ ಕಳಚಿಕೊಂಡವರು ಕೂತಿದ್ದರು. ಅವಳು ಹಲ್ಲು ಕಚ್ಚಿ ವೇಗ ಹೆಚ್ಚಿಸಬಹುದಿತ್ತು. ಮುಂದೆಯೇ ಜೀಪಿನಲ್ಲಿ ಕಲ್ಲೇಶಪ್ಪನವರು ಕಾಣುತ್ತಿದ್ದರು. ಆದರೆ ನೋವು ಬಂದರೆ ಓಟ ನಿಲ್ಲಿಸಿ ನಡೆಯಬೇಕೆಂದು ಶರಣ್ಯಾ ಹೇಳಿದ್ದಂತೆ ಇನ್ನೂರು ಹೆಜ್ಜೆ ನಡೆದಳು. ಎಲ್ಲರೂ ನೋಡುವಂತೆಯೇ ನಡೆದಳು. ಆಮೇಲೆ ಮತ್ತೆ ಓಡಿ ಗೆರೆ ದಾಟಿದಳು.

ಕಲ್ಲೇಶಪ್ಪನವರು ಅವಳ ಕಾಲನ್ನು ನೋಡಿದರು. ಅವರ ಕೈಯಲ್ಲಿದ್ದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ಬರಿಗಾಲು’ ಎಂದಿತ್ತು, ಕೆಳಗೆ ಅವರದೇ ರುಜು ಇತ್ತು. ಅವರು ಗಂಟಲು ಸರಿಮಾಡಿಕೊಂಡು ಮೈಕು ತೆಗೆದುಕೊಂಡರು.

“ಬರಿಗಾಲಲ್ಲಿ ಯಾರು ಬೇಕಾದ್ರೂ ಓಡ್ತಾರೆ. ಶೂ ಹಾಕ್ಕೊಂಡು ಓಡ್ಲಿ ನೋಡುವ. ಅವಳ ಕೈಲಿ ಆಗ್ಲಿಕ್ಕಿಲ್ಲ!”

ಇದು ಐದನೆಯ ಸಲ. ಜನ ಚಪ್ಪಾಳೆ ತಟ್ಟಿದರು. ಬರಿಗಾಲು ವಿಭಾಗದ ಏಕೈಕ ಸ್ಪರ್ಧಿಯಾದ ದಾಕ್ಷಾಯಿಣಿಗೆ ಪ್ರಥಮ ಬಹುಮಾನವಾಗಿ ಒಂಬತ್ತನೇ ನಂಬರಿನ ಒಂದು ಜೊತೆ ಶೂ ನೀಡಲಾಯಿತು.

ಮುಂದಿನ ವರ್ಷದ ಓಟಕ್ಕೆ ಈಗಾಗಲೇ ಇನ್ನೂರ ಹನ್ನೆರಡು ಜನ ಬರಿಗಾಲು ಪ್ರಮಾಣಪತ್ರ ಪಡೆದಿದ್ದಾರೆ. ಪ್ರತಿ ಸೋಮವಾರ ಮೆಟ್ಟಿಲ ಕೆಳಗೆ ಶೂ ಬಿಟ್ಟು, ಮೇಲೆ ಹೋಗಿ ನಾಲ್ಕು ಸುತ್ತು ನಡೆದು, ಸೀಲು ಹಾಕಿಸಿಕೊಂಡು, ಕೆಳಗೆ ಬಂದು ಶೂ ತೊಟ್ಟು ಮನೆಗೆ ಹೋಗುತ್ತಾರೆ. ಶೂ ಕಾಯುವ ಗುತ್ತಿಗೆ ಭಾವಮೈದುನರಿಗಾಗಿದೆ. ಕಣಕಾಲಿನ ಎಲುಬು ಯಾವ ತಾಲ್ಲೂಕಿಗೆ ಸೇರುತ್ತದೆ ಎಂಬುದು ಇನ್ನೂ ಪರಿಶೀಲನೆಯಲ್ಲಿದೆ.

ಈಗ ದಾಕ್ಷಾಯಿಣಿಯ ಹತ್ತಿರ ಬಾಳಗಡಿಯಲ್ಲಿ ಒಂದು ತ್ರೀಫೇಸ್ ಗಿರಣಿ ಇದೆ. ಗಿರಣಿಯ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಿಟ್ಟ ಎರಡು ಜೊತೆ ಒಂಬತ್ತನೇ ನಂಬರಿನ ಶೂ ಇವೆ. ಗೋಡೆಯಲ್ಲಿ ಗಾಜು ಹಾಕಿಸಿದ ಬರಿಗಾಲು ಪ್ರಮಾಣಪತ್ರ ಇದೆ. ಅದರ ಕೆಳಗಿನ ಮೊಳೆಯಲ್ಲಿ, ದಾಖಲೆಯ ಪ್ರಕಾರ ಇಲ್ಲದ, ಐದನೇ ನಂಬರಿನ ನೀಲಿ ಶೂ ಒಂದು ಜೊತೆ ನೇತಾಡುತ್ತಿದೆ. ಆ ಇಲ್ಲದ ಜೊತೆಗೆ ಬಿದ್ದ ಖರ್ಚು ನಾಲ್ಕು ಸಾವಿರದ ಇನ್ನೂರು ರೂಪಾಯಿ, ಅಂದರೆ ಏಳು ಕ್ವಿಂಟಲ್ ಅಕ್ಕಿ ಬೀಸಿದ ಕೂಲಿ, ಮತ್ತು ಬಲಗಾಲಿನ ಹೆಬ್ಬೆರಳಿನ ಉಗುರು.

ಉಗುರು ಮಾತ್ರ ಮತ್ತೆ ಬರುತ್ತಿದೆ.